ಬೆಕ್ಕಿನಿಂದ ಪಾಠ ಕಲಿತ ಥಾರ್ನ್‌ಡೈಕ್

ಖರಾಡಿಯ ನಮ್ಮ ಓಣಿಗಳಲ್ಲಿ, ಒಮ್ಮೆ ಹಾಲು ದೊರೆತ ಬಾಗಿಲನ್ನು ಬೆಕ್ಕು ಮರೆಯದಿರುವುದನ್ನು ನಾವು ನಿತ್ಯವೂ ಕಾಣುತ್ತೇವೆ. ಇದರ ಮರ್ಮವನ್ನು ಪ್ರಯೋಗದಿಂದ ಶೋಧಿಸಿದ ಮಹನೀಯರು ಎಡ್ವರ್ಡ್ ಥಾರ್ನ್‌ಡೈಕ್.

ಇವರು 1874ರಲ್ಲಿ ಅಮೆರಿಕಾ ದೇಶದಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಬಾಡಿಗೆಯ ಕೋಣೆಯಲ್ಲಿ ಕೋಳಿಮರಿಗಳನ್ನು ಸಾಕಿ ಪರೀಕ್ಷಿಸತೊಡಗಿದರು. ಮನೆಯೊಡತಿ ಒಪ್ಪಲಿಲ್ಲ. ಆಗ ಗುರುಗಳಾದ ವಿಲಿಯಂ ಜೇಮ್ಸ್‌ರವರು ತಮ್ಮ ಮನೆಯ ನೆಲಮಾಳಿಗೆಯನ್ನೇ ಬಿಟ್ಟುಕೊಟ್ಟರು.

ಬಳಿಕ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಹಸಿದ ಬೆಕ್ಕನ್ನು ಪೆಟ್ಟಿಗೆಯೊಳಗಿಟ್ಟು ಹೊರಗೆ ಆಹಾರವಿಡುತ್ತಿದ್ದರು. ಬೆಕ್ಕು ಪರಚುತ್ತ, ಕಚ್ಚುತ್ತ, ಆಕಸ್ಮಿಕವಾಗಿ ಕುಣಿಕೆಯನ್ನೆಳೆದು ಹೊರಬರುತ್ತಿತ್ತು. ಮತ್ತೆ ಮತ್ತೆ ಇಟ್ಟಂತೆಲ್ಲ, ಹೊರಬರಲು ಬೇಕಾದ ಕಾಲವು ಕ್ರಮೇಣ ಕಡಿಮೆಯಾಯಿತು. ಇದನ್ನು 1898ರಲ್ಲಿ ಪ್ರಕಟಿಸಿದರು. ಕ್ರಿಯೆಯ ಬೆನ್ನಲ್ಲೇ ಸುಖವೊದಗಿದರೆ ಅದು ನೆಲೆಗೊಳ್ಳುವುದು, ಕಷ್ಟವೊದಗಿದರೆ ಸಡಿಲಗೊಳ್ಳುವುದು; ಇದೇ ಅವರ ಪರಿಣಾಮ ನಿಯಮ.

ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. 1930ರ ಸುಮಾರಿಗೆ ಮನುಷ್ಯರ ಮೇಲೂ ಕೋಳಿಮರಿಗಳ ಮೇಲೂ ಮತ್ತೆ ಪ್ರಯೋಗಿಸಿದಾಗ, ಬಹುಮಾನವು ಸರಿಯಾದುದನ್ನು ಬಲಪಡಿಸುವಷ್ಟು ಶಿಕ್ಷೆಯು ತಪ್ಪನ್ನು ಅಳಿಸದೆಂದು ಕಂಡಿತು. ಮೂರು ದಶಕಗಳ ಕೀರ್ತಿಯನ್ನು ತಂದ ನಿಯಮದ ಅರ್ಧವನ್ನು ಅವರೇ ತಿದ್ದಿದರು. ಶಿಕ್ಷೆಯು ಕೂಡಲೇ ಒದಗಿದರೆ ಅದಕ್ಕೂ ಪ್ರಭಾವವುಂಟೆಂದು ಮುಂದಿನವರು ತೋರಿಸಿದರು. ಥಾರ್ನ್‌ಡೈಕರು 1949ರಲ್ಲಿ ಕಾಲವಾದರು.

ಪ್ರಿಯ ಸಹಪಾಠಿಗಳೇ, ತಪ್ಪಿದ ಲೆಕ್ಕಕ್ಕೆ ಕಣ್ಣೀರಿಡುವುದಕ್ಕಿಂತ ಅದನ್ನು ಸರಿಪಡಿಸಿದಾಗಿನ ಸಂತೋಷವೇ ನಮ್ಮನ್ನು ಮುಂದಕ್ಕೊಯ್ಯುವುದು. ತಮ್ಮ ತಪ್ಪನ್ನು ತಾವೇ ತಿದ್ದಿಕೊಂಡ ಈ ಹಿರಿಯರಿಂದ ನಾವು ಕಲಿಯಬೇಕಾದುದೂ ಅದನ್ನೇ.