ರೋಲಾಂಡ್ ಕೂನ್

ರೋಲಾಂಡ್ ಕೂನ್ (4 ಮಾರ್ಚ್ 1912 – 10 ಅಕ್ಟೋಬರ್ 2005) ಸ್ವಿಟ್ಜರ್ಲೆಂಡ್ ದೇಶದ ಮನೋವೈದ್ಯರು. ಇಮಿಪ್ರಮೀನ್ ಎಂಬ ರಾಸಾಯನಿಕಕ್ಕೆ ಖಿನ್ನತೆಯನ್ನು ತಗ್ಗಿಸುವ ಗುಣವಿದೆಯೆಂದು ಮೊದಲು ಗುರುತಿಸಿದವರು ಇವರು. ಖಿನ್ನತೆಗೂ ನಿದ್ರಾಹೀನತೆಗೂ ನಮ್ಮ ವೈದ್ಯರು ಇಂದಿಗೂ ಬರೆದುಕೊಡುವ ಅಮಿಟ್ರಿಪ್ಟಿಲೀನ್ ಗುಳಿಗೆಯು ಇದೇ ಔಷಧವರ್ಗಕ್ಕೆ ಸೇರಿದುದು. ಔಷಧವನ್ನು ಆರಂಭಿಸಿದ ಮೇಲೆ ಫಲ ಯಾವಾಗ ಕಾಣುತ್ತದೆ, ಬೇಗನೆ ನಿಲ್ಲಿಸಿದರೆ ಏನಾಗುತ್ತದೆ ಎಂಬ ವಿಷಯದಲ್ಲಿ ಕೂನ್ ಮಾಡಿದ ಅವಲೋಕನಗಳು ಮುಂದಿನ ಚಿಕಿತ್ಸಾಕ್ರಮಕ್ಕೆ ತಳಹದಿಯಾದವು. ಅವರ ಪ್ರಯೋಗಗಳ ನೈತಿಕತೆಯು ಮರಣಾನಂತರ ತೀವ್ರ ಪರಿಶೀಲನೆಗೆ ಒಳಗಾಯಿತು.

ಜನನ ಮತ್ತು ಶಿಕ್ಷಣ

ಕೂನ್ ಹುಟ್ಟಿದ್ದು ಬೀಲ್ ಪಟ್ಟಣದಲ್ಲಿ. ಬರ್ನ್ ಮತ್ತು ಪ್ಯಾರಿಸ್ ನಗರಗಳಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿ, ಬರ್ನ್ ಸಮೀಪದ ವಾಲ್ಡಾವ್ ಮಾನಸಿಕ ಆಸ್ಪತ್ರೆಯಲ್ಲಿ ಯಾಕೋಬ್ ಕ್ಲೇಸಿ ಅವರಲ್ಲಿ ತರಬೇತಿ ಪಡೆದರು. 1939ರಲ್ಲಿ ಕಾನ್‌ಸ್ಟನ್ಸ್ ಸರೋವರದ ದಂಡೆಯಲ್ಲಿರುವ ಮ್ಯೂನ್‌ಸ್ಟರ್ಲಿಂಗೆನ್ ಎಂಬ ಊರಿನ ಆಸ್ಪತ್ರೆಗೆ ಹಿರಿಯ ವೈದ್ಯರಾಗಿ ಬಂದರು. 1980ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ಉಳಿದರು. ಕೊನೆಯ ದಶಕದಲ್ಲಿ ಅದರ ನಿರ್ದೇಶಕರೂ ಆಗಿದ್ದರು. ತೂರ್ಗಾವ್ ಪ್ರಾಂತ್ಯದ ಈ ಆಸ್ಪತ್ರೆಯು ದೊಡ್ಡ ವಿಶ್ವವಿದ್ಯಾಲಯಗಳಿಂದ ದೂರವಿದ್ದ ಸಾಧಾರಣ ಸಂಸ್ಥೆ.

ಔಷಧದ ಹೆಸರಿನಿಂದ ಪ್ರಸಿದ್ಧರಾದ ಕೂನ್ ಅವರ ಒಲವು ಮೊದಲಿಗೆ ತತ್ತ್ವಶಾಸ್ತ್ರದ ಕಡೆಗಿತ್ತು ಎಂಬುದು ಗಮನಾರ್ಹ. ನೆರೆಯ ಕ್ರೂಯ್ಟ್ಸ್‌ಲಿಂಗೆನ್‌ನಲ್ಲಿದ್ದ ಲುಡ್ವಿಗ್ ಬಿನ್ಸ್‌ವಾಂಗರ್ ಅವರ ಅಸ್ತಿತ್ವವಾದಿ ಮನೋವಿಶ್ಲೇಷಣೆಯಿಂದ ಅವರು ಆಳವಾಗಿ ಪ್ರಭಾವಿತರಾಗಿದ್ದರು. ರೋರ್ಶಾಕ್ ಮಸಿಚಿತ್ರ ಪರೀಕ್ಷೆಯನ್ನು ಕುರಿತು 1944ರಲ್ಲಿ ಗ್ರಂಥವನ್ನೂ ಪ್ರಕಟಿಸಿದ್ದರು. ರೋಗಿಯ ಮುಂದೆ ಕುಳಿತು ದೀರ್ಘಕಾಲ ಮಾತನಾಡುವ, ಮಾತಿನ ಧಾಟಿಯಲ್ಲಾದ ಸಣ್ಣ ಬದಲಾವಣೆಯನ್ನೂ ಗುರುತಿಸುವ ಅಭ್ಯಾಸ ಅವರಿಗಿತ್ತು. ಮುಂದಿನ ಶೋಧಕ್ಕೆ ಇದೇ ನೆರವಾಯಿತೆನ್ನಬಹುದು, ಏಕೆಂದರೆ ಆಗ ಖಿನ್ನತೆಯನ್ನು ಅಳೆಯಲು ಸರ್ವಸಮ್ಮತವಾದ ಅಳತೆಗೋಲುಗಳಿರಲಿಲ್ಲ.

ಇಮಿಪ್ರಮೀನ್ ಶೋಧ

ಈ ಶೋಧದ ಮೂಲ ನಿದ್ರೆಯ ಔಷಧದ ಹುಡುಕಾಟದಲ್ಲಿದೆ. 1950ರ ಸುಮಾರಿಗೆ ಬಾಸೆಲ್ ನಗರದ ಗೈಗಿ ಕಂಪನಿಯು ಒಂದು ಹೊಸ ರಾಸಾಯನಿಕವನ್ನು ನಿದ್ರಾಜನಕವಾಗಿ ಪರೀಕ್ಷಿಸಲು ಮ್ಯೂನ್‌ಸ್ಟರ್ಲಿಂಗೆನ್‌ಗೆ ಕಳುಹಿಸಿತು. ಆ ಉದ್ದೇಶಕ್ಕೆ ಅದು ಒದಗಲಿಲ್ಲ. ಅಷ್ಟರಲ್ಲಿ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಝೀನ್ ಎಂಬ ಔಷಧವು ಚಿತ್ತವಿಕಲತೆಯ ರೋಗಿಗಳಲ್ಲಿ ಯಶಸ್ವಿಯಾಯಿತು. ಅದನ್ನು ಹೋಲುವ ವಸ್ತುಗಳನ್ನು ಕೂನ್ ಗೈಗಿಯಿಂದ ಕೇಳಿ ಪಡೆದರು. ಅವುಗಳಲ್ಲಿ ಜಿ 22355 ಎಂಬ ಸಂಖ್ಯೆಯ ವಸ್ತುವೇ ಮುಂದೆ ಇಮಿಪ್ರಮೀನ್ ಎನಿಸಿಕೊಂಡಿತು.

ಚಿತ್ತವಿಕಲತೆಯ ರೋಗಿಗಳಿಗೆ ಅದರಿಂದ ಹೇಳಿಕೊಳ್ಳುವಂತಹ ಪ್ರಯೋಜನವಾಗಲಿಲ್ಲ. ಕೆಲವರು ಮತ್ತಷ್ಟು ಕೆರಳಿದರು. 1956ರ ಜನವರಿಯಲ್ಲಿ ಕೂನ್ ಅದನ್ನು ತೀವ್ರ ಖಿನ್ನತೆಯ ಕೆಲವರಿಗೆ ಕೊಟ್ಟುನೋಡಿದರು. ಕೆಲವು ದಿನಗಳಲ್ಲಿ ಅವರು ಮಾತಿಗೆ ತೆರೆದುಕೊಂಡರು, ಬೆಳಗಿನ ಜಾವದ ಎಚ್ಚರ ತಪ್ಪಿ ನಿದ್ದೆ ಹತ್ತಿತು, ದಿನದ ಕೆಲಸಗಳಲ್ಲಿ ಆಸಕ್ತಿ ಮರಳಿತು. 40 ರೋಗಿಗಳ ವಿವರಗಳನ್ನೊಳಗೊಂಡ ಲೇಖನವು 1957ರ ಆಗಸ್ಟ್‌ನಲ್ಲಿ ಸ್ವಿಸ್ ವೈದ್ಯಕೀಯ ವಾರಪತ್ರಿಕೆಯಲ್ಲಿ ಪ್ರಕಟವಾಯಿತು. ಮರುತಿಂಗಳು ಜ್ಯೂರಿಕ್‌ನಲ್ಲಿ ನಡೆದ ವಿಶ್ವ ಮನೋವೈದ್ಯಕೀಯ ಸಮ್ಮೇಳನದಲ್ಲಿ ಅವರು ಉಪನ್ಯಾಸ ನೀಡಿದಾಗ ಕೇಳಲು ಬಂದಿದ್ದವರು ಹನ್ನೆರಡು ಮಂದಿಯಷ್ಟೆ ಎಂದು ಹೇಳಲಾಗುತ್ತದೆ. 1958ರಲ್ಲಿ ಔಷಧವು ಟೋಫ್ರಾನಿಲ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು.

ಅದೇ ಕಾಲದಲ್ಲಿ ಅಮೆರಿಕದ ನೇಥನ್ ಕ್ಲೈನ್ ಮತ್ತು ಸಂಗಡಿಗರು ಕ್ಷಯದ ಔಷಧವಾದ ಐಪ್ರೊನಿಯಾಜಿಡ್ ಖಿನ್ನತೆಗೆ ಉಪಯುಕ್ತವೆಂದು ಸಾರಿದರು. ಕ್ಲೈನ್ ಅದಕ್ಕೂ ಮೊದಲು ನಮ್ಮ ಸರ್ಪಗಂಧದಿಂದ ತೆಗೆದ ರೆಸರ್ಪೀನನ್ನು ಮನೋರೋಗಿಗಳ ಮೇಲೆ ಪರೀಕ್ಷಿಸಿ ಹೆಸರಾಗಿದ್ದವರು. ಕಾಮಾಲೆಯಂತಹ ತೊಂದರೆಗಳಿಂದಾಗಿ ಐಪ್ರೊನಿಯಾಜಿಡ್ ಕೆಲವೇ ವರ್ಷಗಳಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಮರೆಯಾಯಿತು, ಇಮಿಪ್ರಮೀನ್ ಉಳಿಯಿತು.

ಆರಂಭಿಸುವುದು ಮತ್ತು ನಿಲ್ಲಿಸುವುದು

ಕೂನ್ ಅವರ ಬರಹಗಳಲ್ಲಿ ಇಂದಿಗೂ ಓದಬೇಕಾದ ಭಾಗ ಇದು. ಔಷಧದ ಫಲ ಕೆಲವರಲ್ಲಿ ಬೇಗ, ಕೆಲವರಲ್ಲಿ ವಾರಗಳ ನಂತರ ಕಾಣುತ್ತದೆಂದು ಅವರು ಕಂಡುಕೊಂಡರು. ಅದಕ್ಕಿಂತ ಮುಖ್ಯವಾಗಿ, ರೋಗಿ ಚೇತರಿಸಿಕೊಂಡನೆಂದು ಬೇಗನೆ ಔಷಧ ನಿಲ್ಲಿಸಿದರೆ ಲಕ್ಷಣಗಳು ಮರಳುತ್ತವೆ, ಮತ್ತೆ ಆರಂಭಿಸಿದರೆ ಇಳಿಯುತ್ತವೆ ಎಂಬುದನ್ನು ದಾಖಲಿಸಿದರು. ಗುಳಿಗೆಯು ರೋಗವನ್ನು ಹತ್ತಿಕ್ಕುತ್ತದೆ, ರೋಗವು ತನ್ನ ಅವಧಿಯನ್ನು ಒಳಗೊಳಗೇ ಮುಗಿಸುತ್ತಿರುತ್ತದೆ ಎಂಬ ತಿಳಿವಳಿಕೆ ಇದರಿಂದ ಬೆಳೆಯಿತು.

1959ರಿಂದ ಇನ್ನೊಂದು ಸಂಗತಿಯೂ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗತೊಡಗಿತು. ಇಮಿಪ್ರಮೀನನ್ನು ಥಟ್ಟನೆ ಬಿಟ್ಟವರಲ್ಲಿ ಓಕರಿಕೆ, ತಲೆನೋವು, ಚಡಪಡಿಕೆ, ನಿದ್ರಾಭಂಗ ಕಾಣಿಸಿಕೊಳ್ಳುತ್ತಿದ್ದವು. ಇದು ರೋಗ ಮರುಕಳಿಸಿದುದಲ್ಲ, ಔಷಧಕ್ಕೆ ಒಗ್ಗಿದ ದೇಹದ ಪ್ರತಿಕ್ರಿಯೆ. ಸಾಮಾನ್ಯವಾಗಿ ಬಿಟ್ಟ ಕೆಲವೇ ದಿನಗಳಲ್ಲಿ ಇದು ತಲೆದೋರುತ್ತದೆ. ಖಿನ್ನತೆಯ ಮರುಕಳಿಕೆಯಾದರೋ ಬಹುಮಟ್ಟಿಗೆ ವಾರಗಳ ಮೇಲೆ ಮೆಲ್ಲಗೆ ಬರುತ್ತದೆ. ಇವೆರಡನ್ನೂ ಒಂದೆಂದು ಭಾವಿಸುವುದರಿಂದ ಎಷ್ಟೋ ಜನ ತಾವು ಜನ್ಮವಿಡೀ ಗುಳಿಗೆಗೆ ಅಂಟಿಕೊಂಡೆವೆಂದು ಹೆದರುತ್ತಾರೆ. ಆದುದರಿಂದ ಪ್ರಮಾಣವನ್ನು ವೈದ್ಯರ ನಿಗಾದಲ್ಲಿ ಹಂತಹಂತವಾಗಿ ಇಳಿಸುವುದು ರೂಢಿಗೆ ಬಂತು. ಲಕ್ಷಣಗಳು ಪೂರ್ಣ ಮಾಯವಾದ ಮೇಲೆಯೂ ಹಲವು ತಿಂಗಳು ಔಷಧ ಮುಂದುವರಿಸಿ ಬಳಿಕ ನಿಧಾನವಾಗಿ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ತಿಳಿಸುತ್ತದೆ.

ಬಾಯಿ ಒಣಗುವುದು, ಮಲಬದ್ಧತೆ, ಬೆವರು, ಎದ್ದಾಗ ತಲೆಸುತ್ತು ಈ ವರ್ಗದ ಸಾಮಾನ್ಯ ಅಡ್ಡಪರಿಣಾಮಗಳು. ಇವು ಫಲಕ್ಕಿಂತ ಮೊದಲೇ ಕಾಣುವುದರಿಂದ ಹಲವರು ಮೊದಲ ವಾರದಲ್ಲೇ ಗುಳಿಗೆ ಬಿಡುತ್ತಾರೆ. ಅತಿಯಾದ ಪ್ರಮಾಣವು ಹೃದಯದ ಲಯವನ್ನು ಕೆಡಿಸಿ ಪ್ರಾಣಾಂತಿಕವಾಗಬಲ್ಲದು.

ಕರ್ನಾಟಕದಲ್ಲಿ

ಕೂನ್ ಅವರ ಶೋಧ ನಡೆದ ಕಾಲಕ್ಕೆ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ (1954) ಸ್ಥಾಪನೆಯಾಗಿತ್ತು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ಆ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಕೆಲವೇ ಮನೋರೋಗ ಔಷಧಗಳ ಬಳಕೆಯನ್ನು ಕಲಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಕೃಷ್ಣಾ ತೀರದ ಯಡೂರು, ಚಿಕ್ಕೋಡಿ, ರಾಯಬಾಗ ಕಡೆಯವರಿಗೆ ಮನೋವೈದ್ಯರೆಂದರೆ ಧಾರವಾಡ, ಬೆಳಗಾವಿ ಅಥವಾ ಗಡಿಯಾಚೆಯ ಮಿರಜ. ದೂರ ಹೆಚ್ಚಿದಷ್ಟೂ, ಔಷಧ ಆರಂಭಿಸಿದವರು ಅದನ್ನು ನಿಲ್ಲಿಸುವ ವಿಧಾನ ಕೇಳಲು ಮರಳಿ ಹೋಗುವುದು ಕಷ್ಟ. 2022ರಿಂದ 14416 ಸಂಖ್ಯೆಯ ಟೆಲಿ ಮಾನಸ್ ದೂರವಾಣಿ ಸೇವೆಯಲ್ಲಿ ಕನ್ನಡದಲ್ಲಿ ಸಲಹೆ ಪಡೆಯಬಹುದಾಗಿದೆ.

ಮರಣಾನಂತರದ ವಿಚಾರಣೆ

ಕೂನ್ ಅವರಿಗೆ ಹಲವು ಗೌರವಗಳು ಸಂದವು. ನೊಬೆಲ್ ಪ್ರಶಸ್ತಿ ಮಾತ್ರ ಬರಲಿಲ್ಲ. ಅವರ ಖಾಸಗಿ ಕಾಗದಪತ್ರಗಳು ಮರಣಾನಂತರ ತೂರ್ಗಾವ್ ಪ್ರಾಂತ್ಯದ ಪತ್ರಾಗಾರವನ್ನು ಸೇರಿದವು. ಹಿಂದಿನ ರೋಗಿಗಳು ದನಿಯೆತ್ತಿದ ಮೇಲೆ ಪ್ರಾಂತೀಯ ಸರ್ಕಾರವು ಇತಿಹಾಸಕಾರರ ತಂಡವನ್ನು ನೇಮಿಸಿತು. 2019ರಲ್ಲಿ ಹೊರಬಂದ ಅವರ ಅಧ್ಯಯನದ ಪ್ರಕಾರ, 1940ರ ದಶಕದಿಂದ 1980ರವರೆಗೆ ಮ್ಯೂನ್‌ಸ್ಟರ್ಲಿಂಗೆನ್‌ನಲ್ಲಿ ಕನಿಷ್ಠ 67 ವಸ್ತುಗಳನ್ನು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಲಾಗಿತ್ತು. ಅವರಲ್ಲಿ ಮಕ್ಕಳೂ ಇದ್ದರು. ಬಹಳಷ್ಟು ಮಂದಿಗೆ ತಾವು ನುಂಗುತ್ತಿರುವುದು ಇನ್ನೂ ಹೆಸರಿಲ್ಲದ ವಸ್ತುವೆಂಬುದೇ ತಿಳಿದಿರಲಿಲ್ಲ. ಔಷಧ ಕಂಪನಿಗಳಿಂದ ಕೂನ್ ಗಣನೀಯ ಮೊತ್ತದ ಹಣ ಪಡೆದಿದ್ದರೆಂದೂ ಅಧ್ಯಯನ ತೋರಿಸಿತು. ಆ ಕಾಲದಲ್ಲಿ ಔಷಧ ಪರೀಕ್ಷೆಯ ನಿಯಮಗಳು ಸಡಿಲವಾಗಿದ್ದವೆಂಬುದು ನಿಜ. ಆದರೆ ನಿಯಮಗಳು ಬಿಗಿಯಾದ ಮೇಲೂ ಕೂನ್ ತಮ್ಮ ಕ್ರಮವನ್ನು ಹೆಚ್ಚಾಗಿ ಬದಲಿಸಲಿಲ್ಲ. ರೋಗಿಯ ಮಾತನ್ನು ಅಷ್ಟು ಗಮನವಿಟ್ಟು ಕೇಳುತ್ತಿದ್ದ ವೈದ್ಯರು ಅವರ ಒಪ್ಪಿಗೆಯನ್ನು ಕೇಳದಿದ್ದುದು ಈ ಜೀವನಚರಿತ್ರೆಯಲ್ಲಿ ಬಗೆಹರಿಯದೆ ಉಳಿದಿರುವ ಅಂಶ. ಕೂನ್ ಅವರ ಟಿಪ್ಪಣಿಗಳು ಮತ್ತು ಕಂಪನಿಗಳೊಂದಿಗಿನ ಪತ್ರವ್ಯವಹಾರ ಈಗಲೂ ಆ ಪತ್ರಾಗಾರದಲ್ಲಿವೆ.