ಜಮ್‌ಶೆಟ್‌ಜಿ ಟಾಟಾ: ಕೊಟ್ಟದ್ದೆಷ್ಟು, ಪಡೆದದ್ದೆಷ್ಟು?

ಹೊಸೂರು: ಟಾಟಾ ಎಂಬ ಹೆಸರನ್ನು ನಮ್ಮ ಗಡಿನಾಡಿನವರಿಗೆ ಯಾರೂ ಪರಿಚಯಿಸಬೇಕಾಗಿಲ್ಲ. 1984ರಲ್ಲಿ ತಮಿಳುನಾಡು ಸರ್ಕಾರದ ಟಿಡ್ಕೊ ಜೊತೆ ಸೇರಿ ಆರಂಭವಾದ ಟೈಟಾನ್ ಗಡಿಯಾರದ ಕಂಪನಿ ಹೊಸೂರಿನ ಚಹರೆಯನ್ನೇ ಬದಲಿಸಿತು. ಈಗ ಕೆಲಮಂಗಲದ ಬದಿ ಮೊಬೈಲ್ ಫೋನಿನ ಬಿಡಿಭಾಗಗಳ ದೊಡ್ಡ ಕಾರ್ಖಾನೆಯೂ ಇದೆ. ಆದರೆ ಈ ಹೆಸರಿನ ಮೂಲಪುರುಷ ಟೈಟಾನ್ ಹುಟ್ಟುವುದಕ್ಕೆ 80 ವರ್ಷ ಮೊದಲೇ ತೀರಿಕೊಂಡಿದ್ದರು. ಅವರ ಬದುಕಿನ ಬಗ್ಗೆ ಹೊಗಳಿಕೆಯೂ ಇದೆ, ತಕರಾರೂ ಇದೆ. ಎರಡನ್ನೂ ತಿಳಿದಿರುವುದು ಒಳ್ಳೆಯದು.

ಜಮ್‌ಶೆಟ್‌ಜಿ ನಸರ್ವಾನ್‌ಜಿ ಟಾಟಾ ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯ ಪಾರ್ಸಿ ಕುಟುಂಬದಲ್ಲಿ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ ತಂದೆಯ ವ್ಯಾಪಾರಕ್ಕೆ ಸೇರಿದರು. ಮೊದಲ ತಕರಾರು ಇಲ್ಲಿಂದಲೇ ಶುರು. ಅವರ ಮನೆತನದ ವ್ಯಾಪಾರದಲ್ಲಿ ಹತ್ತಿಯ ಜೊತೆ ಚೀನಾಕ್ಕೆ ಹೋಗುತ್ತಿದ್ದ ಅಫೀಮೂ ಇತ್ತು. ಬ್ರಿಟಿಷರ ಆಳ್ವಿಕೆಯಲ್ಲಿ ಅದು ಕಾನೂನುಬದ್ಧ ದಂಧೆ, ನಿಜ. ಆದರೆ ಅದರಿಂದ ಹಾಳಾದ ಚೀನಾದ ಮನೆಗಳೂ ಅಷ್ಟೇ ನಿಜ. 1868ರಲ್ಲಿ ಅಬಿಸೀನಿಯಾದ ಮೇಲೆ ದಂಡೆತ್ತಿ ಹೋದ ಬ್ರಿಟಿಷ್ ಸೇನೆಗೆ ಸಾಮಗ್ರಿ ಪೂರೈಸಿಯೂ ಈ ಕುಟುಂಬ ಲಾಭ ಮಾಡಿತು. ಅದೇ ವರ್ಷ ಜಮ್‌ಶೆಟ್‌ಜಿ 21,000 ರೂಪಾಯಿ ಬಂಡವಾಳದಲ್ಲಿ ಸ್ವಂತ ವ್ಯಾಪಾರ ಆರಂಭಿಸಿದರು.

1877ರ ಜನವರಿ 1ರಂದು ನಾಗಪುರದಲ್ಲಿ ಎಂಪ್ರೆಸ್ ಮಿಲ್ ತೆರೆಯಿತು. ಹೊಸ ಬಗೆಯ ರಿಂಗ್ ಸ್ಪಿಂಡಲ್ ಯಂತ್ರಗಳನ್ನು ನಮ್ಮ ದೇಶದಲ್ಲಿ ಮೊದಮೊದಲು ಬಳಸಿದವರಲ್ಲಿ ಅವರೂ ಒಬ್ಬರು. ಕಾರ್ಮಿಕರಿಗೆ 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ ತಂದರು. ಇವನ್ನು ಕೊಡಲೇಬೇಕೆಂಬ ಕಾನೂನು ಆಗ ಇರಲಿಲ್ಲ.

ಬೆಂಗಳೂರಿನ ನಂಟು ನಮಗೆ ಹತ್ತಿರದ್ದು. 1890ರ ದಶಕದ ಕೊನೆಯಲ್ಲಿ ಅವರು ಜಪಾನಿನ ತಜ್ಞರನ್ನು ಕರೆಸಿ ಅಲ್ಲಿ ರೇಷ್ಮೆ ತೋಟ ಮಾಡಿಸಿದರು. ಬಸವನಗುಡಿ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಉಳಿದಿದೆ. ಹಿಪ್ಪುನೇರಳೆ ಬೆಳೆಯುವ ನಮ್ಮ ರೈತರು ಇದನ್ನು ನೆನೆಯಬಹುದು.

1898ರಲ್ಲಿ ವಿಜ್ಞಾನ ಸಂಶೋಧನಾ ಸಂಸ್ಥೆಗಾಗಿ ಸುಮಾರು 30 ಲಕ್ಷ ರೂಪಾಯಿಯ ಆಸ್ತಿ ಕೊಡಲು ಮುಂದಾದರು. ಇಷ್ಟು ಓದಿದವರಿಗೆ ಇಲ್ಲಿ ಕೆಲಸವೆಲ್ಲಿದೆ ಎಂದು ವೈಸ್‌ರಾಯ್ ಕರ್ಜನ್ ಅನುಮಾನಪಟ್ಟರು. ಕಡತ ವರ್ಷಗಟ್ಟಲೆ ಓಡಾಡಿತು. ಮೈಸೂರು ಸಂಸ್ಥಾನ 371 ಎಕರೆ ಭೂಮಿ ಮತ್ತು ಹಣ ಕೊಟ್ಟಿತು. 1909ರಲ್ಲಿ ಸಂಸ್ಥೆ ಸ್ಥಾಪನೆಯಾದಾಗ ಜಮ್‌ಶೆಟ್‌ಜಿ ಇರಲಿಲ್ಲ. 1904ರ ಮೇ 19ರಂದು ಜರ್ಮನಿಯಲ್ಲಿ ಅವರು ನಿಧನರಾಗಿದ್ದರು. ಹಾಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆದರೂ, ಅದರಲ್ಲಿ ಮೈಸೂರು ಪ್ರಜೆಗಳ ಪಾಲೂ ಇದೆ.

ಉಕ್ಕು ಮತ್ತು ಜಲವಿದ್ಯುತ್ತಿನ ಅವರ ಕನಸುಗಳನ್ನು ಮಕ್ಕಳು ನನಸು ಮಾಡಿದರು. ಅದಕ್ಕೂ ಬೆಲೆ ತೆತ್ತವರಿದ್ದಾರೆ. 1921ರಲ್ಲಿ ಪುಣೆ ಬಳಿಯ ಮುಳಶಿಯಲ್ಲಿ ಟಾಟಾ ಅಣೆಕಟ್ಟಿಗೆ ಭೂಮಿ ಕಳೆದುಕೊಂಡ ರೈತರು ಸತ್ಯಾಗ್ರಹ ಮಾಡಿದರು, ಸೋತರು. 2006ರ ಜನವರಿ 2ರಂದು ಒಡಿಶಾದ ಕಳಿಂಗನಗರದಲ್ಲಿ ಉಕ್ಕು ಕಾರ್ಖಾನೆಯ ಜಾಗಕ್ಕಾಗಿ ನಡೆದ ಪೊಲೀಸ್ ಗೋಲಿಬಾರಿನಲ್ಲಿ ಹತ್ತಕ್ಕೂ ಹೆಚ್ಚು ಆದಿವಾಸಿಗಳು ಸತ್ತರು. ಸತ್ತು ನೂರು ವರ್ಷವಾದವರ ತಲೆಗೆ ಇದನ್ನು ಕಟ್ಟಲಾಗದು. ಆದರೆ ಹೆಸರಿನ ಕೀರ್ತಿ ಅವರಿಗೆ ಸಲ್ಲುವುದಾದರೆ, ಹೆಸರಿನ ಋಣವೂ ಅದರ ಜೊತೆಗೇ ಬರುತ್ತದೆ.

2021ರಲ್ಲಿ ಹುರುನ್ ಪಟ್ಟಿ ಬಿಲ್ ಗೇಟ್ಸ್ ದಂಪತಿಯನ್ನೂ ಹಿಂದಿಕ್ಕಿ ಜಮ್‌ಶೆಟ್‌ಜಿಯನ್ನು ಶತಮಾನದ ಅತಿ ದೊಡ್ಡ ದಾನಿ ಎಂದಿತು. ಲೆಕ್ಕ 10,200 ಕೋಟಿ ಡಾಲರ್. ಇದರಲ್ಲಿ ಬಹುಪಾಲು ಅವರ ಮಕ್ಕಳಾದ ದೊರಾಬ್‌ಜಿ ಮತ್ತು ರತನ್‌ಜಿ ಟ್ರಸ್ಟುಗಳಿಗೆ ಬಿಟ್ಟುಹೋದ ಷೇರುಗಳ ಇಂದಿನ ಬೆಲೆ. ಟಾಟಾ ಸನ್ಸ್‌ನ ಸುಮಾರು 66 ಶೇಕಡಾ ಷೇರು ಈ ಬಗೆಯ ಟ್ರಸ್ಟುಗಳ ಕೈಯಲ್ಲಿದೆ.

ಹಾಗಾದರೆ ಅವರನ್ನು ಹೇಗೆ ನೆನೆಯಬೇಕು? ದೇವರ ಪಟದ ಪಕ್ಕ ಇಡುವುದೂ ಬೇಡ, ಅಫೀಮಿನ ವ್ಯಾಪಾರಿ ಎಂದು ತಳ್ಳುವುದೂ ಬೇಡ. ನಮ್ಮೂರ ಹೊಲ ಕಾರ್ಖಾನೆಯಾಗುವಾಗ ಕೇಳಬೇಕಾದ ಪ್ರಶ್ನೆಗಳು ಎರಡೇ. ಕಾನೂನು ಕೇಳುವ ಮೊದಲೇ ಕೆಲಸಗಾರರಿಗೆ ಪಿಂಚಣಿ ಕೊಟ್ಟ ಆ ಮನಸ್ಸು ಇಲ್ಲಿಯೂ ಇದೆಯೇ? ಜಮೀನು ಬಿಟ್ಟುಕೊಟ್ಟವರಿಗೆ ಸಿಕ್ಕಿದ್ದೇನು? ಜಮ್‌ಶೆಟ್‌ಜಿಯ ಬದುಕನ್ನು ಓದಿದವರಿಗೆ ಈ ಎರಡನ್ನೂ ಕೇಳುವ ಹಕ್ಕಿದೆ.