ಬಳ್ಳಾರಿಗೆ ಬಂದ ಸಮಾಚಾರ: ಹೆರ್ಮನ್ ಮೋಗ್ಲಿಂಗರ ಜೀವನ

ಕನ್ನಡದ ಮೊದಲನೆಯ ವೃತ್ತಪತ್ರಿಕೆ ಯಾವುದೆಂದು ಕೇಳಿದರೆ ನಮ್ಮಲ್ಲಿ ಅನೇಕರು ‘ಮಂಗಳೂರು ಸಮಾಚಾರ’ವೆಂದು ಥಟ್ಟನೆ ಹೇಳಿಯಾರು. ಅದು ಹೊರಟ ಜುಲೈ 1ನೆಯ ತಾರೀಖನ್ನು ನಾಡು ಪತ್ರಿಕಾ ದಿನವೆಂದು ಆಚರಿಸುತ್ತದೆ. ಆದರೆ ಆ ಪತ್ರಿಕೆ ಹುಟ್ಟಿದ ಎಂಟೇ ತಿಂಗಳಿಗೆ ಕಡಲತೀರವನ್ನು ಬಿಟ್ಟು, ಘಟ್ಟ ಹತ್ತಿ, ನಮ್ಮ ಬಳ್ಳಾರಿಗೆ ಬಂದು ಅಚ್ಚಾಯಿತೆಂಬ ಸಂಗತಿ ಬಳ್ಳಾರಿ ಸೀಮೆಯವರಿಗೇ ತಿಳಿಯದು. ತಂಬ್ರಹಳ್ಳಿಯವನಾದ ನನಗೂ ಮೊನ್ನೆ ಮೊನ್ನೆಯವರೆಗೆ ತಿಳಿದಿರಲಿಲ್ಲ. ಆ ಪತ್ರಿಕೆಯ ಸಂಪಾದಕರಾಗಿದ್ದ ಹೆರ್ಮನ್ ಮೋಗ್ಲಿಂಗರ ಜೀವನವನ್ನು ಇಲ್ಲಿ ಯಥಾಶಕ್ತಿ ನಿರೂಪಿಸಲು ಯತ್ನಿಸಿದ್ದೇನೆ.

ಮೋಗ್ಲಿಂಗರು ಜನಿಸಿದ್ದು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ, 1811ನೆಯ ಇಸವಿ ಮೇ 29ರಂದು. ಟ್ಯೂಬಿಂಗನ್ನಿನಲ್ಲಿ ದೇವತಾಶಾಸ್ತ್ರವನ್ನು ಓದಿದರು. ಅಷ್ಟು ಓದಿದವರು ತಮ್ಮ ನಾಡಿನಲ್ಲೇ ಒಂದು ದೇವಾಲಯದ ಪಾದ್ರಿಯಾಗಿ ಸುಖವಾಗಿ ಇರಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. 1815ರಲ್ಲಿ ಸ್ಥಾಪಿತವಾಗಿದ್ದ ಬಾಸೆಲ್ ಮಿಷನ್ನನ್ನು ಸೇರಿ, 1836ರಲ್ಲಿ ಹಡಗಿನಲ್ಲಿ ಮಂಗಳೂರಿಗೆ ಬಂದಿಳಿದರು. ಆಗ ಅವರ ವಯಸ್ಸು ಇಪ್ಪತ್ತೈದು. ಅಲ್ಲಿ ಆ ಮಿಷನ್ ಕಾಲೂರಿ ಎರಡೇ ವರ್ಷಗಳಾಗಿದ್ದವು. ಬಂದ ಉದ್ದೇಶವನ್ನು ಅವರು ಎಂದೂ ಮುಚ್ಚಿಡಲಿಲ್ಲ: ಕ್ರಿಸ್ತನ ಮತವನ್ನು ಸಾರುವುದು, ಜನರನ್ನು ಅದಕ್ಕೆ ಸೇರಿಸುವುದು. ಅದಕ್ಕೆ ಭಾಷೆ ಬೇಕು. ಆದ್ದರಿಂದ ಕನ್ನಡ ಕಲಿತರು. ಆದರೆ ಕಲಿತ ಕನ್ನಡ ಅವರನ್ನು ಸುಮ್ಮನೆ ಬಿಡಲಿಲ್ಲ.

1843ನೆಯ ಜುಲೈ 1ರಂದು ‘ಮಂಗಳೂರು ಸಮಾಚಾರ’ ಹೊರಟಿತು. ಪಕ್ಷಕ್ಕೊಂದು ಸಂಚಿಕೆ, ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರಕಾರದ ನಿರೂಪಗಳು, ಪರದೇಶಗಳ ಸುದ್ದಿ, ದಾಸರ ಪದಗಳು ಎಲ್ಲವೂ ಅದರಲ್ಲಿದ್ದವು. ಅದನ್ನು ಅಚ್ಚು ಹಾಕುತ್ತಿದ್ದ ಬಗೆಯನ್ನು ಸ್ವಲ್ಪ ಹೇಳಬೇಕು. ಮಂಗಳೂರಿನ ಮಿಷನ್ನಿನಲ್ಲಿ ಆಗ ಇದ್ದದ್ದು ಕಲ್ಲಚ್ಚು. ಬರೆಹಗಾರನೊಬ್ಬನು ಜಿಡ್ಡು ಬೆರೆತ ಮಸಿಯಿಂದ ಇಡೀ ಪುಟವನ್ನು ಕೈಯಲ್ಲೇ ಬರೆಯಬೇಕು. ಆ ಬರೆಹವನ್ನು ನುಣುಪು ಕಲ್ಲಿನ ಮೇಲೆ ಇಳಿಸಬೇಕು. ಕಲ್ಲಿಗೆ ನೀರು ಸವರಿ ಮಸಿ ಉರುಳಿಸಿದರೆ ಮಸಿಯು ಜಿಡ್ಡಿದ್ದ ಅಕ್ಷರಗಳಿಗೆ ಮಾತ್ರ ಅಂಟುತ್ತದೆ. ಎರಕದ ಮೊಳೆಗಳ ಗೊಡವೆಯೇ ಇಲ್ಲ. ಆದ್ದರಿಂದ ಆ ಪತ್ರಿಕೆಯ ಒಂದೊಂದು ಪುಟವೂ ಒಬ್ಬ ಅನಾಮಧೇಯ ಕನ್ನಡಿಗನ ಕೈಬರೆಹವೇ ಆಗಿತ್ತು. ಸಂಪಾದಕರ ಹೆಸರು ನಮಗೆ ಗೊತ್ತು, ಆ ಬರೆಹಗಾರನ ಹೆಸರು ಗೊತ್ತಿಲ್ಲ. ಇದು ನನಗೆ ಕೊರೆಯುವ ವಿಷಯ.

ಘಟ್ಟದ ಮೇಲಣ ಊರುಗಳಲ್ಲೂ ಪತ್ರಿಕೆಗೆ ಓದುಗರು ದೊರೆತರು. ಬಳ್ಳಾರಿಯಲ್ಲಾದರೋ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬುವರು 1810ರಿಂದಲೂ ನೆಲಸಿ ಕೆಲಸ ಮಾಡಿದ್ದರು. ಅವರ ಮಿಷನ್ನಿನ ಮುದ್ರಣಾಲಯದಲ್ಲಿ ಕನ್ನಡದ ಎರಕದ ಮೊಳೆಗಳಿದ್ದವು. ಆದ್ದರಿಂದ 1844ರ ಮಾರ್ಚ್ ತಿಂಗಳಿಂದ ಮೋಗ್ಲಿಂಗರ ಪತ್ರಿಕೆ ಬಳ್ಳಾರಿಯಲ್ಲಿ ಮೊಳೆಯಚ್ಚಿನಲ್ಲಿ ಮುದ್ರಣವಾಗತೊಡಗಿತು. ಒಂದು ಊರಿನ ಹೆಸರನ್ನು ಬಿಟ್ಟು ‘ಕನ್ನಡ ಸಮಾಚಾರ’ ಎಂಬ ಹೆಸರನ್ನು ತಾಳಿತು. ಮದರಾಸು ಆಧಿಪತ್ಯ, ಮುಂಬಯಿ ಆಧಿಪತ್ಯ, ಮೈಸೂರು, ನಿಜಾಮರ ಸೀಮೆ ಎಂದು ಕನ್ನಡಿಗರು ಹರಿದು ಹಂಚಿಹೋಗಿದ್ದ ಕಾಲದಲ್ಲಿ ಪತ್ರಿಕೆಯೊಂದು ಭಾಷೆಯ ಹೆಸರನ್ನೇ ತಲೆಯ ಮೇಲೆ ಹೊತ್ತು ಬಳ್ಳಾರಿಯಿಂದ ಹೊರಟಿತೆಂದರೆ ಸಾಮಾನ್ಯವೇ? ಅದು ಬಹುಕಾಲ ಬಾಳಲಿಲ್ಲ, ನಿಜ. ನಮ್ಮ ತಂದೆಯವರಿಗೆ ಅಕ್ಷರ ಬಾರದು; ಸಂಜೆ ಕಟ್ಟೆಯ ಮೇಲೆ ಯಾರಾದರೂ ಪತ್ರಿಕೆ ಓದಿದರೆ ಕುಳಿತು ಕೇಳುತ್ತಾರೆ. ಈ ಸಂಗತಿಯನ್ನು ಅವರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, ಆ ದೊರೆಗೆ ಇದರಿಂದ ಏನು ಲಾಭವಾಯಿತೆಂದು.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಅದೇ 1844ರ ಇನ್ನೊಂದು ಘಟನೆಯನ್ನು ಹೇಳಲೇಬೇಕು. ಆ ವರ್ಷದ ಜನವರಿಯಲ್ಲಿ ಮಂಗಳೂರಿನ ಮಿಷನ್ ಶಾಲೆಯಲ್ಲಿ ಓದಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣರು ಮತ್ತಿಬ್ಬರೊಡನೆ ಕ್ರೈಸ್ತರಾದರು. ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಮೋಗ್ಲಿಂಗರಿಗೆ ಅದು ಜೀವಮಾನದ ಸಂತೋಷವಾಗಿದ್ದಿರಬೇಕು. ಆ ಮನೆಗಳಿಗೆ ಮಕ್ಕಳು ಬದುಕಿದ್ದೂ ಸತ್ತಂತೆ. ಮಿಷನರಿಗಳ ಚರಿತ್ರೆ ಬರೆಯುವವರು ಕೆಲವರು ಮೊದಲನೆಯದನ್ನು ಮಾತ್ರ ಬರೆಯುತ್ತಾರೆ, ಕೆಲವರು ಎರಡನೆಯದನ್ನು ಮಾತ್ರ. ಇಷ್ಟು ಮಾತ್ರ ಹೇಳಬಲ್ಲೆ: ಆ ತರುಣರನ್ನು ಅವರು ನಡುದಾರಿಯಲ್ಲಿ ಬಿಡಲಿಲ್ಲ. 1846ರಲ್ಲಿ ಕೌಂಡಿನ್ಯರನ್ನು ಬಾಸೆಲ್ಲಿಗೆ ಕರೆದೊಯ್ದು ಓದಿಸಿದರು. ಅವರು 1851ರಲ್ಲಿ ದೀಕ್ಷೆ ಪಡೆದು ಪಾದ್ರಿಯಾಗಿ ಹಿಂದಿರುಗಿದರು.

ಈ ನಡುವೆ ಮೋಗ್ಲಿಂಗರು ಮತ್ತೊಂದು ಮಹಾಕಾರ್ಯಕ್ಕೆ ಕೈಹಾಕಿದ್ದರು. ನೀಲಗಿರಿಯಲ್ಲಿ ನೆಲಸಿದ್ದ ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಹಣ ಕೊಡಲೊಪ್ಪಿದರು. ಓಲೆಗರಿಗಳಲ್ಲಿ ಅಡಗಿದ್ದ ಹಳೆಯ ಕಾವ್ಯಗಳನ್ನು ಅಚ್ಚು ಹಾಕಿಸುವ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆ 1848ರಲ್ಲಿ ಪ್ರಾರಂಭವಾಯಿತು. ಲಕ್ಷ್ಮೀಶನ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು, ಚೆನ್ನಬಸವಪುರಾಣ ಒಂದೊಂದಾಗಿ ಕಲ್ಲಚ್ಚಿನಲ್ಲಿ ಹೊರಬಂದವು. ವಿಚಿತ್ರವನ್ನು ನೋಡಿರಿ! ಯಾವ ದೇವರುಗಳನ್ನು ಬಿಡಿರೆಂದು ಸಾರಲು ಅವರು ಬಂದಿದ್ದರೋ ಆ ದೇವರುಗಳ ಸ್ತುತಿಯ ಕಾವ್ಯಗಳನ್ನೇ ಕೂತು ಸಂಗ್ರಹಿಸಿದರು. ಎದುರಾಳಿಯನ್ನು ಅರಿಯುವುದಕ್ಕಾಗಿ ಮಾಡಿದರೆಂದು ಹೇಳುವವರುಂಟು. ಅದು ಸ್ವಲ್ಪಮಟ್ಟಿಗೆ ಸರಿಯೂ ಇರಬಹುದು. ಆದರೆ ಖಂಡಿಸುವುದಕ್ಕೆ ನಾಲ್ಕು ಪದ್ಯ ಸಾಕು. ಇಡೀ ಜೈಮಿನಿ ಭಾರತ ಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಪುರಾಣ ಹೇಳಿಸುವಾಗ ಕೇಳಿರುವ ಪದ್ಯಗಳಿಗೆ ಅಷ್ಟು ಹಿಂದೆಯೇ ಅಚ್ಚಿನ ಪುಸ್ತಕ ಒದಗಿತ್ತೆಂಬುದನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಈ ಸೇವೆಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1858ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. ನಾವೆಲ್ಲರೂ ಹೆಸರು ಕೇಳಿರುವ ಕಿಟ್ಟೆಲ್ ಅವರಿಗೆ ಅದೇ ವಿದ್ಯಾಪೀಠದ ಗೌರವ ದೊರೆತದ್ದು ಮೂವತ್ತೆಂಟು ವರ್ಷಗಳ ತರುವಾಯ.

1853ರಲ್ಲಿ ಅವರು ಕೊಡಗಿಗೆ ಹೋದರು. ಅಲ್ಲಿನ ಸೋಮಯ್ಯ ಎಂಬುವರು ಮಂಗಳೂರಿಗೆ ಬಂದು ದೀಕ್ಷೆ ಬೇಡಿದ್ದೇ ಅದಕ್ಕೆ ಕಾರಣ. ಕೊಡಗಿನ ಚರಿತ್ರೆಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು 1855ರಲ್ಲಿ ಪ್ರಕಟಿಸಿದರು; 1857ರಲ್ಲಿ ‘ರಾಜೇಂದ್ರನಾಮೆ’ಯನ್ನು ಅಚ್ಚು ಹಾಕಿಸಿದರು. ಆದರೆ ಅಲ್ಲಿ ಅವರ ಮನಸ್ಸನ್ನು ಹಿಡಿದದ್ದು ಗದ್ದೆಗಳಲ್ಲಿ ಜೀತಕ್ಕಿದ್ದ ಹೊಲೆಯರ ಬಾಳು. ಹೊಸ ಮತಕ್ಕೆ ಬಂದ ಮಾತ್ರಕ್ಕೆ ಜೀತ ತಪ್ಪೀತೇ? ದುಡಿಯಲು ಸ್ವಂತ ನೆಲ ಬೇಕು. ಅಂಥ ಕುಟುಂಬಗಳಿಗಾಗಿ ಕಾಫಿ ತೋಟದೊಂದಿಗೆ ಒಂದು ಊರೇ ಎದ್ದಿತು. ಕೌಂಡಿನ್ಯರ ಹೆಸರಿನಿಂದ ಅದಕ್ಕೆ ಆನಂದಪುರವೆಂದು ಹೆಸರಾಯಿತು. ಅವರ ಕಾರ್ಯಗಳಲ್ಲೆಲ್ಲ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದೇ, ಪುಸ್ತಕಗಳಿಗಿಂತಲೂ.

ಸಹೋದ್ಯೋಗಿಯೂ ಸ್ನೇಹಿತರೂ ಆಗಿದ್ದ ವೈಗ್ಲೆಯವರು 1855ರಲ್ಲಿ ತೀರಿಕೊಂಡರು. ಅವರ ವಿಧವೆ ಪೌಲೀನರನ್ನು ಮೋಗ್ಲಿಂಗರು ಮದುವೆಯಾಗಿ, ತಂದೆಯಿಲ್ಲದ ಆ ಮಕ್ಕಳಿಗೆ ತಂದೆಯಾದರು. ಪತ್ನಿಯ ಅನಾರೋಗ್ಯದಿಂದಾಗಿ 1860ರಲ್ಲಿ ಭಾರತವನ್ನು ಬಿಡಬೇಕಾಯಿತು. ಮತ್ತೆ ಅವರು ಈ ನಾಡನ್ನು ತಮ್ಮ ನೆಲೆಯಾಗಿ ಮಾಡಿಕೊಳ್ಳಲಾಗಲಿಲ್ಲ. ಆದರೆ ಕನ್ನಡ ಅಲ್ಲಿಗೂ ಜೊತೆಯಲ್ಲಿ ಹೋಗಿತ್ತು. ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿನ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. 1881ರ ಮೇ 10ರಂದು ಎಸ್ಲಿಂಗನ್ ಎಂಬ ಪಟ್ಟಣದಲ್ಲಿ ನಿಧನ ಹೊಂದಿದರು. ಅವರ ಜೀವನ ಚರಿತ್ರೆಯನ್ನು ಮರುವರ್ಷ ಪ್ರಕಟಿಸಿದವರು ಮಲಯಾಳ ನಿಘಂಟುವಿನ ಕರ್ತೃವೂ ಅವರ ಹಳೆಯ ಗೆಳೆಯರೂ ಆದ ಹೆರ್ಮನ್ ಗುಂಡರ್ಟ್. ಅದು ಇರುವುದು ಜರ್ಮನ್ ಭಾಷೆಯಲ್ಲಿ.